ಮದ್ದಿನ ಅಳತೆ

ನನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯ ಹಲಗಲಿ ಬೇಡರ ಲಾವಣಿಯ ಬಗ್ಗೆ. 1857ರಲ್ಲಿ ಕಂಪನಿ ಸರ್ಕಾರ ಜನರ ಹತಾರಗಳ ಮೇಲೆ ಕೈ ಹಾಕಿದ್ದು, ಬೇಡರು ಕೊಡುವುದಿಲ್ಲ ಎಂದದ್ದು, ಊರು ಸುಟ್ಟದ್ದು ಎಲ್ಲವನ್ನೂ 40 ಪುಟ ಬರೆದು ಮಾರ್ಗದರ್ಶಕರಿಗೆ ಕಳಿಸಿದ್ದೆ. ಅವರು ಅಂಚಿನಲ್ಲಿ ಒಂದೇ ಪ್ರಶ್ನೆ ಬರೆದು ವಾಪಸ್ ಕಳಿಸಿದರು: ಮದ್ದು, ಗುಂಡು, ತೋಟಾ ಎಂದು ಇಷ್ಟು ಸಲ ಬರೆದಿದ್ದೀಯಲ್ಲ, ಒಂದು ತೋಟಾವನ್ನಾದರೂ ಬಿಚ್ಚಿ ನೋಡಿದ್ದೀಯಾ?

ನೋಡಿರಲಿಲ್ಲ. ಆದರೆ ನಾನು ಬಾಡಿಗೆಗಿರುವ ಮನೆಯ ನೆಲಮಾಳಿಗೆಯಲ್ಲಿ ಅದೇ ಕೆಲಸ ನಡೆಯುತ್ತಿತ್ತು. ಇದು ಅಮೆರಿಕದ ವಿಸ್ಕಾನ್ಸಿನ್. ಮನೆಯ ಯಜಮಾನರಿಗೆ 70 ದಾಟಿದೆ. ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ 9 ದಿನಗಳ ಜಿಂಕೆ ಬೇಟೆ ಶುರುವಾಗುತ್ತದೆ. ಅದಕ್ಕೆ ಮೂರು ವಾರ ಮೊದಲಿನಿಂದ ಸಂಜೆ ಹೊತ್ತು ಕೆಳಗಿನಿಂದ ಟಕ್ ಟಕ್ ಎಂದು ಕೊಡತಿಯ ಸದ್ದು. ಪೀಠೋಪಕರಣ ಮಾಡುತ್ತಾರೇನೋ ಅಂದುಕೊಂಡಿದ್ದೆ. ನೋಡಬಹುದಾ ಎಂದು ಕೇಳಿದಾಗ ಕಣ್ಣಿಗೆ ಹಾಕಿಕೊಳ್ಳುವ ಕನ್ನಡಕ ಕೊಟ್ಟು, ಸ್ಟೂಲು ತೋರಿಸಿ, 'ನೋಡು, ಮುಟ್ಟಬೇಡ' ಎಂದರು.

ಮುಟ್ಟಬೇಡ ಎಂದದ್ದು ಬರೀ ಜಾಗರೂಕತೆಯಲ್ಲ, ಕಾನೂನು ಕೂಡ. ವಿದ್ಯಾರ್ಥಿ ವೀಸಾದಲ್ಲಿರುವ ನನ್ನಂಥವರು ಇಲ್ಲಿ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಮದ್ದುಗುಂಡೂ ಇಟ್ಟುಕೊಳ್ಳುವಂತಿಲ್ಲ. ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಉಂಟು. ಮದ್ದುಗುಂಡು ಎಂಬುದರ ವ್ಯಾಖ್ಯೆಯಲ್ಲಿ ಹಿತ್ತಾಳೆಯ ಖಾಲಿ ಕೊಳವೆಯೂ ಸೇರಿದೆ. ನಿಶ್ಶಸ್ತ್ರೀಕರಣದ ಬಗ್ಗೆ 40 ಪುಟ ಬರೆದವಳು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

1857ರ ತೋಟಾ ಕಾಗದದ್ದು. ಮದ್ದನ್ನೂ ಗುಂಡನ್ನೂ ಸುತ್ತಿದ ಪೊಟ್ಟಣ. ಹಲ್ಲಿನಲ್ಲಿ ಹರಿದು ನಳಿಗೆಗೆ ಸುರಿಯಬೇಕು. ಈಗಿನದು ಹಿತ್ತಾಳೆಯದು, ಅದರಲ್ಲಿ ನಾಲ್ಕೇ ವಸ್ತು: ಕೊಳವೆ, ಬುಡದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಈಡು ಹಾರಿದ ಮೇಲೆ ಉಳಿಯುವುದು ಕೊಳವೆಯೊಂದೇ. ನಾಲ್ಕರಲ್ಲಿ ದುಬಾರಿಯಾದದ್ದೂ ಅದೇ. ಹಾಗಾಗಿ ಅದನ್ನು ಎಸೆಯದೆ ಮತ್ತೆ ತುಂಬುತ್ತಾರೆ. ದೊಡ್ಡ ಮೇಜಿಗೆ ಬಿಗಿದ ಯಂತ್ರಗಳಲ್ಲಿ ಮಾಡುವವರಿದ್ದಾರೆ. ಯಜಮಾನರ ಬಳಿ ಇರುವುದು ಎರಡು ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬಿ, ಮತ್ತೊಂದು ಕೊಡತಿ. ಇದೇ ವಿಸ್ಕಾನ್ಸಿನ್‌ನ ರಿಚರ್ಡ್ ಲೀ 1958ರಲ್ಲಿ ಮನೆಯ ಕಾರ್ಯಾಗಾರದಲ್ಲಿ ಇಂಥ ಅಗ್ಗದ ಕಿಟ್ ಮಾಡಲು ಶುರುಮಾಡಿದ್ದು, ಮೊದಲು ಚರೆಯ ತೋಟಾಗಳಿಗೆ.

ಕೊಳವೆಯ ಬುಡದ ತೂತಿನ ಮೂಲಕ ಕಡ್ಡಿ ಇಳಿಸಿ ಒಂದು ಏಟು ಹಾಕಿದರೆ ಸತ್ತ ಪ್ರೈಮರ್ ಉದುರುತ್ತದೆ. ಇಲ್ಲೊಂದು ತಮಾಷೆ ಇದೆ. 1860ರ ದಶಕದಲ್ಲಿ ಅಮೆರಿಕದ ಬರ್ಡನ್ ಒಂದು ಬಗೆಯ ಪ್ರೈಮರ್ ಮಾಡಿದ, ಇಂಗ್ಲೆಂಡಿನ ಬಾಕ್ಸರ್ ಇನ್ನೊಂದು ಬಗೆಯದು. ಬರ್ಡನ್‌ನದು ಯುರೋಪಿನಲ್ಲಿ ನೆಲೆಯಾಯಿತು, ಬಾಕ್ಸರ್‌ನದು ಅಮೆರಿಕದಲ್ಲಿ. ಬಾಕ್ಸರ್ ಕೊಳವೆಗೆ ನಟ್ಟನಡುವೆ ಒಂದೇ ತೂತು, ಕಡ್ಡಿ ನೇರ ಇಳಿಯುತ್ತದೆ. ಬರ್ಡನ್‌ನದರಲ್ಲಿ ನಡುವೆ ತೂತಿಲ್ಲ, ಪಕ್ಕದಲ್ಲಿ ಎರಡು ಸಣ್ಣವು. ಅಮೆರಿಕದ ಮನೆಮನೆಗಳಲ್ಲಿ ಈ ಹವ್ಯಾಸ ಬೆಳೆದದ್ದಕ್ಕೆ ಒಂದು ಕಾರಣ ಆ ಇಂಗ್ಲಿಷರವನ ತೂತು.

ಆಮೇಲೆ ಕೊಳವೆಯನ್ನು ಉಕ್ಕಿನ ಅಚ್ಚಿನೊಳಗೆ ಕೊಡತಿಯಿಂದ ಹೊಡೆದು ಇಳಿಸುತ್ತಾರೆ. ಈಡು ಹಾರಿದಾಗ ಹಿಗ್ಗಿದ ಕತ್ತು ಮತ್ತೆ ಬಿಗಿಯಾಗುತ್ತದೆ. ಕತ್ತು ಮಾತ್ರ. ಮೈ ಹಾಗೇ ಇರುತ್ತದೆ, ಯಾವ ಬಂದೂಕಿನಲ್ಲಿ ಹಾರಿತ್ತೋ ಅದರ ಗೂಡಿನ ಆಕಾರದಲ್ಲೇ. ಆದ್ದರಿಂದ ಹೀಗೆ ತುಂಬಿದ ತೋಟಾ ಅದೇ ಬಂದೂಕಿಗೇ ಸಲ್ಲಬೇಕು. ಪಕ್ಕದ ಮನೆಯವರದರಲ್ಲಿ ಕೂರದೆಯೂ ಹೋಗಬಹುದು. ಹೊಸ ಪ್ರೈಮರ್ ಕೂರಿಸುವಾಗ ಏಟು ಮೆಲ್ಲಗೆ. ಒಮ್ಮೊಮ್ಮೆ ಅದು ಪಟಾಕಿಯಂತೆ ಸಿಡಿಯುವುದೂ ಉಂಟು. ಕನ್ನಡಕ ಅದಕ್ಕೇ. ಮುಂದೆ ಅಳತೆಯ ಪುಟ್ಟ ಪ್ಲಾಸ್ಟಿಕ್ ಚಮಚದಿಂದ ಮದ್ದು. ಯಾವ ಮದ್ದು, ಎಷ್ಟು ಎಂಬುದು ಮುದ್ರಿತ ಪಟ್ಟಿಯಲ್ಲಿದ್ದಂತೆಯೇ. ಅಲ್ಲಿ ಅಂದಾಜಿಗೆ ಜಾಗವಿಲ್ಲ. ಕೊನೆಗೆ ಗುಂಡು. ಯಜಮಾನರದು ಹಳೆಯ ಲಿವರ್ ರೈಫಲ್. ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಮಲಗುತ್ತವೆ. ಗುಂಡಿನ ಮೂಗು ಚೂಪಾಗಿದ್ದರೆ ಮುಂದಿನದರ ಪ್ರೈಮರ್ ಕುಟ್ಟೀತು ಎಂದು ಚಪ್ಪಟೆ ಮೂಗಿನದೇ ಬಳಸುತ್ತಾರೆ.

ಮೊದಲೆರಡು ಸಂಜೆ ನಾನು ಬಾಯಿ ಬಿಡಲಿಲ್ಲ. ಮೂರನೆಯ ಸಂಜೆ ಸುಮ್ಮನಿರಲಾಗದೆ, ಹೀಗೆ ಮಾಡಿದರೆ ಎಷ್ಟು ದುಡ್ಡು ಉಳಿಯುತ್ತದೆ ಎಂದು ಕೇಳಿದೆ. ಅವರು ಕೈ ನಿಲ್ಲಿಸದೆ ನಕ್ಕರು. 'ಏನೂ ಉಳಿಯಲ್ಲ. ಅದೇ ದುಡ್ಡಿಗೆ ಹೆಚ್ಚು ಹೊಡೀತೀನಿ ಅಷ್ಟೆ.' ಇನ್ನೂ ಏನೋ ಹೇಳಹೊರಟವರು ತಟ್ಟನೆ ಕೊಡತಿ ಕೆಳಗಿಟ್ಟರು. ಮರದ ಹಲಗೆಯ ಮೇಲೆ ಆಗಲೇ ಹತ್ತು ತೋಟಾ ನಿಂತಿದ್ದವು. ಅವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಪಾಟಿನಿಂದ ಸುತ್ತಿಗೆಯ ಹಾಗಿರುವ ಪ್ಲಾಸ್ಟಿಕ್ ಸಾಧನವೊಂದನ್ನು ತೆಗೆದರು. ತೋಟಾವನ್ನು ಅದರೊಳಗೆ ಸಿಕ್ಕಿಸಿ ಗಟ್ಟಿ ಮರಕ್ಕೆ ಕುಟ್ಟಿದರೆ ಗುಂಡು ಕಳಚಿ ಬರುತ್ತದೆ, ಮದ್ದೂ ಅದರಲ್ಲೇ ಬೀಳುತ್ತದೆ.

ಹತ್ತನ್ನೂ ಬಿಚ್ಚಿದರು. ಅಷ್ಟೂ ಕೆಲಸ ಹಾಳು. ನಾನು ಉಸಿರು ಬಿಗಿಹಿಡಿದು ಎಣಿಸುತ್ತಿದ್ದೆ. ಒಂಬತ್ತನೆಯದರಿಂದ ಗುಂಡು ಮಾತ್ರ ಬಿತ್ತು, ಮದ್ದಿರಲಿಲ್ಲ.

ಅಷ್ಟೇ ತಾನೆ, ಹಾರುವುದಿಲ್ಲ ಅನಿಸಿತು ನನಗೆ. ಹಾಗಲ್ಲ. ಪ್ರೈಮರಿನ ಬಲವೊಂದೇ ಗುಂಡನ್ನು ನಳಿಗೆಯೊಳಗೆ ತಳ್ಳಿ ಅಲ್ಲೇ ಸಿಕ್ಕಿಸುತ್ತದೆ. ಎದುರಿಗೆ ಜಿಂಕೆ ನಿಂತಿದೆ, ಈಡು ಹಾರಲಿಲ್ಲವೆಂದು ಬೇಟೆಗಾರ ಗಡಿಬಿಡಿಯಲ್ಲಿ ಲಿವರ್ ಎಳೆದು ಮತ್ತೆ ಹೊಡೆಯುತ್ತಾನೆ. ಎರಡನೆಯ ಗುಂಡಿಗೆ ದಾರಿಯಿಲ್ಲ. ನಳಿಗೆ ಸಿಡಿಯುವುದು ಅವನ ಮುಖದ ಹತ್ತಿರವೇ. ಯಜಮಾನರು ಇದನ್ನು ಬಯ್ಯದೆ, ಬೇಸರವಿಲ್ಲದೆ ವಿವರಿಸಿದರು. ಕ್ಷಮೆ ಕೇಳಿದೆ. 'ಕೇಳಿದ್ದು ನೀನು, ಉತ್ತರ ಕೊಟ್ಟಿದ್ದು ನಾನಲ್ಲವಾ?' ಎಂದರು. ಆ ಸಂಜೆ ಮತ್ತೆ ತುಂಬಲಿಲ್ಲ. ದೀಪ ಆರಿಸಿ ಇಬ್ಬರೂ ಮೇಲೆ ಬಂದೆವು.

ರಾತ್ರಿ ಅಮ್ಮನಿಗೆ ಫೋನು ಮಾಡಿದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನದೊಂದು ಕೇಪಿನ ಕೋವಿ ಇತ್ತು. ಗದ್ದೆಗೆ ಬರುವ ಹಂದಿಗಾಗಿ ತೆಗೆದುಕೊಂಡ ಬೆಳೆ ರಕ್ಷಣೆಯ ಪರವಾನಗಿ. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ಬಾಲ್ಯದಲ್ಲಿ ಕಂಡ ಆ ಮೆರವಣಿಗೆ ಹಲಗಲಿಯ ಬಗ್ಗೆ ಬರೆಯುವಾಗ ಒಮ್ಮೆಯೂ ನೆನಪಾಗಿರಲಿಲ್ಲ.

'ಅಜ್ಜ ಮದ್ದನ್ನ ಹೇಗಮ್ಮ ಅಳೀತಿದ್ರು?'

'ಹೆಬ್ಬೆರಳು ಗಾತ್ರದ ಬಿದಿರಿನ ಅಂಡೆ ಇತ್ತಲ್ಲೇ ಮಾರಾಯ್ತಿ. ಅದ್ರಲ್ಲಿ. ಆವಾಗ ಯಾರಾದ್ರೂ ಮಾತಾಡ್ಸಿದ್ರೆ ಮುಗೀತು ಕತೆ. ನಿನ್ನ ಅಜ್ಜಿಗೂ ಬೈಗುಳ.'

ಅಜ್ಜನಿಗೆ ಮುಂಗೋಪ ಎಂದೇ ನಾವೆಲ್ಲ ನಂಬಿದ್ದೆವು. ಅಂಡೆ ಈಗೆಲ್ಲಿದೆ ಎಂದೆ. ಕೊಟ್ಟಿಗೆಯಲ್ಲಿದೆಯಂತೆ. ತೊಳೆದು, ಕರುಗಳಿಗೆ ಹುಳದ ಮದ್ದು ಹಾಕಲು ಇಟ್ಟುಕೊಂಡಿದ್ದಾರೆ.

ಮೂರನೇ ಅಧ್ಯಾಯದ ಮೊದಲ ಪುಟಕ್ಕೆ ಮರಳಿದ್ದೇನೆ. ಶನಿವಾರಕ್ಕೆ ಇನ್ನು ಎರಡು ದಿನ. ಕೆಳಗೆ ಕೊಡತಿಯ ಸದ್ದು ಮತ್ತೆ ಶುರುವಾಗಿದೆ. ಕಾಫಿ ಬೇಕಾ ಎಂದು ಅವರನ್ನು ಕೇಳಬೇಕು. ಸದ್ದು ನಿಲ್ಲಲಿ.