ಜೀಗುಜ್ಜೆಯ ಊರಿಗೆ ಹಡಗು

ಪೆಸಿಫಿಕ್ ಸಾಗರದ ತಾಹಿಟಿಯಿಂದ ಮಾರ್ಕೇಸಸ್ ದ್ವೀಪಗಳಿಗೆ ವಿಮಾನವಿದೆ. ನಾವು ಮಾತ್ರ ಪಪೇಟೆ ಬಂದರಿನಲ್ಲಿ ‘ಅರನುಯಿ 5’ ಹತ್ತಿದೆವು. ಅರನುಯಿ ಎಂದರೆ ಹೆದ್ದಾರಿ. ಅರ್ಧ ಸರಕಿನ ಹಡಗು, ಅರ್ಧ ಪ್ರವಾಸಿಗರ ಹಡಗು. ಮುಂದೆ ಕ್ರೇನು, ಹಿಂದೆ ನಮ್ಮ ಕೋಣೆಗಳು. ಸುಮಾರು 1,400 ಕಿಲೋಮೀಟರ್ ದೂರದ ಆ ದ್ವೀಪಗಳಿಗೆ ಅಕ್ಕಿ, ಸಿಮೆಂಟು, ಪೆಟ್ರೋಲು ಹೋಗುವುದು ಇಂಥ ಹಡಗುಗಳಲ್ಲೇ.

ನಡುವೆ ಒಂದು ಇಡೀ ದಿನ ನೀರು ಬಿಟ್ಟರೆ ಬೇರೇನೂ ಕಾಣಲಿಲ್ಲ. ಗಡಿಯಾರವನ್ನು ಅರ್ಧ ತಾಸು ಮುಂದೆ ತಿರುಗಿಸಿಕೊಂಡೆವು. ಮಾರ್ಕೇಸಸ್‌ನ ಹೊತ್ತು ತಾಹಿಟಿಗಿಂತ ಅಷ್ಟು ಮುಂದು. ದೂರವೆಂದರೇನೆಂದು ನನಗೆ ಮೈಗೆ ಹತ್ತಿದ್ದು ಆ ದಿನವೇ.

ಮರುದಿನ ಬೆಳಗಿನ ಮಬ್ಬಿನಲ್ಲಿ ಉವಾ ಪೌ ದ್ವೀಪದ ಕಲ್ಲಿನ ಶಿಖರಗಳು ಕಂಡವು. ಕೆಳಗೆ ಹಕಹೌ ಕಟ್ಟೆಯ ಮೇಲೆ ಊರೇ ಸೇರಿತ್ತು. ಒಬ್ಬರು ಫ್ರಿಜ್ಜಿಗೆ ಕಾದಿದ್ದರು, ಒಬ್ಬರು ತಗಡಿನ ಶೀಟಿಗೆ. ಸಾಮಾನು ಇಳಿದ ಮೇಲೆ ಕೊಬ್ಬರಿ ಮೂಟೆಗಳು ಹಡಗೇರಿದವು. ಆ ಎಣ್ಣೆ ಘಾಟು ಮೂಗಿಗೆ ಬಡಿದದ್ದೇ ತಡ, ಕರಾವಳಿಯ ನಮ್ಮ ಮನೆಯ ಅಟ್ಟ ನೆನಪಾಯಿತು.

ಫಾಟು ಹಿವಾ ದ್ವೀಪಕ್ಕೆ ವಿಮಾನ ನಿಲ್ದಾಣವಿಲ್ಲ. ಈ ದ್ವೀಪಗಳ ಸುತ್ತ ಅಲೆ ತಡೆಯುವ ಹವಳದ ದಿಬ್ಬವೂ ಇಲ್ಲದ್ದರಿಂದ ಕಡಲು ನೇರ ಬಂಡೆಗೇ ಬಂದು ಅಪ್ಪಳಿಸುತ್ತದೆ. ನಾವಿಕರು ನಮ್ಮ ಎರಡೂ ತೋಳು ಹಿಡಿದು, ಅಲೆ ಏರುವುದನ್ನೇ ಕಾದು, ಸಣ್ಣ ದೋಣಿಗೆ ದಾಟಿಸಿದರು. ಒಮೋವಾ ಊರಿನೊಳಗೆ ಕಾಲಿಟ್ಟಾಗ ಅವಲಕ್ಕಿ ಕುಟ್ಟುವಂಥ ಸದ್ದು. ಅಜ್ಜಿಯೊಬ್ಬರು ಮರದ ದಿಮ್ಮಿಯ ಮೇಲೆ ನೆನೆಸಿದ ತೊಗಟೆ ಹಾಸಿ ಬಡಿಯುತ್ತಿದ್ದರು. ಬಡಿದಷ್ಟೂ ಅದು ಅಗಲವಾಗುತ್ತ, ತೆಳುವಾಗುತ್ತ ಬಟ್ಟೆಯಾಯಿತು. ಅದೇ ತಾಪಾ. ಯಾವ ಮರದ ತೊಗಟೆಯೆಂದು ಸನ್ನೆಯಲ್ಲಿ ಕೇಳಿದೆ. ಅಂಗಳದ ಕಡೆ ಕೈ ತೋರಿಸಿದರು. ಕೈಬೆರಳಿನಂತೆ ಸೀಳಿದ ದೊಡ್ಡ ಎಲೆ, ಹಸಿರು ಗುಂಡು ಕಾಯಿ: ನಮ್ಮ ಜೀಗುಜ್ಜೆ!

ನಮ್ಮಲ್ಲಿ ಪೋಡಿಗೆ, ಪಲ್ಯಕ್ಕೆ ಬರುವ ಆ ಕಾಯಿ ಅಲ್ಲಿ ಅನ್ನದ ಜಾಗದಲ್ಲಿದೆ. ನಾವು ಹಲಸಿನ ಸೊಳೆಯನ್ನು ಉಪ್ಪಿಗೆ ಹಾಕಿ ಮಳೆಗಾಲಕ್ಕೆ ಇಡುತ್ತೇವೆ. ಅವರ ಹಿರಿಯರು ಜೀಗುಜ್ಜೆಯನ್ನು ನೆಲದ ಗುಂಡಿಯಲ್ಲಿ ಹುಳಿಬರಿಸಿ, ಬರಗಾಲಕ್ಕೆಂದು ವರ್ಷಗಟ್ಟಲೆ ಕಾಪಿಡುತ್ತಿದ್ದರು. ಅದನ್ನು ಜಜ್ಜಿ ಮಾಡಿದ ಪೊಪೊಯಿ ನನ್ನ ಬಾಯಲ್ಲಿ ಹುಳಿಯಾಗಿ, ಮೆತ್ತಗೆ ಕರಗಿತು. ಇನ್ನೊಂದು ತುತ್ತು ಕೇಳಿದೆ. ಅಜ್ಜಿಯ ಮುಖ ಅರಳಿತು.

ಹಿವಾ ಓವಾ ದ್ವೀಪದ ಗುಡ್ಡದ ಮೇಲೆ, 1903ರಲ್ಲಿ ತೀರಿಕೊಂಡ ಚಿತ್ರಕಾರ ಗೋಗ್ಯಾನ ಸಮಾಧಿಯಿದೆ. ಪ್ರವಾಸಿಗರೆಲ್ಲ ಅಲ್ಲಿ ನಿಲ್ಲುತ್ತಾರೆ, ನಾನೂ ನಿಂತೆ. ಆದರೆ ಕಣ್ಣು ತುಂಬಿದ್ದು ಬೇರೆ ಕಡೆ: ಕಾಡಿನೊಳಗೆ ಪಾಚಿಗಟ್ಟಿದ, ಮನೆಯಿಲ್ಲದ ಕಲ್ಲಿನ ಜಗಲಿಗಳ ಮುಂದೆ. ಹಡಗುಗಳು ಹೊತ್ತು ತಂದ ರೋಗಗಳಿಗೆ ಊರಿಗೆ ಊರೇ ಬಲಿಯಾಗಿ, 1920ರ ದಶಕಕ್ಕೆ ಉಳಿದವರು ಎರಡು ಸಾವಿರದಷ್ಟು ಮಂದಿ. ಇಂದು ಅವರ ಮಕ್ಕಳು ತಮ್ಮ ಭಾಷೆಯಲ್ಲಿ ಹಾಡುತ್ತಾರೆ, ಮೈಮೇಲೆ ಹಚ್ಚೆ ಬರೆಸಿಕೊಳ್ಳುತ್ತಾರೆ. 2024ರಲ್ಲಿ ಯುನೆಸ್ಕೋ ಈ ದ್ವೀಪಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಊರಿಗೆ ಮರಳಿದ ಮೇಲೆ ಹಿತ್ತಿಲ ಜೀಗುಜ್ಜೆ ಮರದ ಕೆಳಗೆ ಬಹಳ ಹೊತ್ತು ನಿಂತೆ. ಅದಕ್ಕೆ ಬೀಜವಿಲ್ಲ. ಹಕ್ಕಿ ಒಯ್ದು ಹಾಕುವುದಿಲ್ಲ, ಅಲೆ ತೇಲಿಸಿ ತರುವುದಿಲ್ಲ. ಬೇರಿನ ಚಿಗುರನ್ನು ಯಾರಾದರೂ ಕೈಯಲ್ಲಿ ಹಿಡಿದು ತಂದು ನೆಟ್ಟರಷ್ಟೇ ಅದು ಮರವಾಗುತ್ತದೆ.