ಕಾಲ ಕೆಳಗಿನ ಹಂಚು

ನೆಲದ ಮೇಲೆ ನಡೆಯುವವನಿಗೆ ನೆಲದ ಯೋಚನೆ ಇರುವುದಿಲ್ಲ. ಜಾರಿ ಬಿದ್ದ ಮೇಲೆಯೇ ಅದರ ಅರಿವು. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿರುವ ಹನುಮಸಾಗರದ ಗೃಹಸ್ಥನೊಬ್ಬನಿಗೆ ಈ ಅರಿವು ಬಂದದ್ದು ತಾನು ಬಿದ್ದದ್ದರಿಂದಲ್ಲ, ವೃದ್ಧೆಯಾದ ತಾಯಿ ಬಿದ್ದದ್ದರಿಂದ.

ಬಚ್ಚಲುಮನೆಗೆ ಆತನೇ ಆಸೆಪಟ್ಟು ಕೆಂಪು ಗ್ರಾನೈಟು ಹಾಕಿಸಿದ್ದ. ಇಳಕಲ್ಲು ಅಲ್ಲಿಗೆ ದೂರವಲ್ಲ; ಆ ಸೀಮೆಯ ಕೆಂಪು ಕಲ್ಲಿನ ಹೆಸರು ದೇಶದಾಚೆಗೂ ಹೋಗಿದೆ. ಮುಖ ಕಾಣುವಂತೆ ಹೊಳಪು ಕೊಟ್ಟ ಆ ಕಲ್ಲನ್ನು ನೋಡಿ ಬಂದವರೆಲ್ಲ ಹೊಗಳಿದರು. ಆದರೆ ಹೊಳಪಿನ ಕಲ್ಲಿಗೂ ಸಾಬೂನಿನ ನೀರಿಗೂ ಸ್ನೇಹವಾದರೆ ನಡುವೆ ಕಾಲಿಡುವವರ ಗತಿ ಏನು? ತಾಯಿಯ ಮುಂಗೈ ಮುರಿಯಿತು. ಆರು ವಾರದ ಪಟ್ಟಿ ಬಿಚ್ಚಿದ ಮೇಲೂ ಆಕೆ ಗೋಡೆ ಹಿಡಿದೇ ಬಚ್ಚಲಿಗೆ ಹೋಗುವಳು. ಮೀಯದೆ ಒಲೆ ಮುಟ್ಟದಿದ್ದ ಹೆಂಗಸು, ಕ್ರಮೇಣ ದಿನ ಬಿಟ್ಟು ದಿನ ಮೀಯತೊಡಗಿದಳು. ಬಾಯಿಬಿಟ್ಟು ಏನೂ ಹೇಳಲಿಲ್ಲ. ಹೇಳದಿದ್ದದ್ದೇ ಮಗನ ಎದೆಗೆ ನಾಟಿತು.

ಊರಿನ ಗೌಂಡಿಯನ್ನು ಕರೆಯೋಣವೆಂದರೆ ಆತ ಮಂಗಳೂರಿನಲ್ಲಿದ್ದ, ಯುಗಾದಿಗೆ ಬರುವನಂತೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಕಾರ್ಖಾನೆ ತೆರೆದಂದಿನಿಂದ ಮಂಗಳೂರಿನ ಹೆಂಚು ನಾಡೆಲ್ಲ ತಿರುಗಿತು. ಇಂದು ಇಂತಹ ಊರುಗಳ ಕೈಗಳು ಮಂಗಳೂರಿಗೆ ಹೋಗಿ ಅಲ್ಲಿನ ನೆಲಗಳನ್ನು ಹಾಸುತ್ತಿವೆ. ಯುಗಾದಿಗೆ ಇನ್ನೂ ಮೂರು ತಿಂಗಳು. ಗೃಹಸ್ಥ ವೃತ್ತಿಯಿಂದ ಗುಮಾಸ್ತ. ಲೆಕ್ಕದ ಗೆರೆ ಎಂದೂ ತಪ್ಪಿದವನಲ್ಲ. ನೆಲದ ಗೆರೆ ತಪ್ಪೀತೇ? ಮೊಬೈಲಿನಲ್ಲಿ ಹತ್ತು ನಿಮಿಷದ ಚಿತ್ರ ನೋಡಿ, ತಾನೇ ಟೈಲ್ಸು ಕೂಡಿಸುವುದೆಂದು ನಿರ್ಧರಿಸಿದ.

ಬಚ್ಚಲು 6 ಅಡಿ ಉದ್ದ, 4 ಅಡಿ ಅಗಲ. ಅಡಿ ಚೌಕದ ಬಿಲ್ಲೆ 24 ಬೇಕು; ಒಡೆಯುವುದಕ್ಕೆಂದು ಇನ್ನು 3. ಗುಜರಾತಿನ ಮೋರ್ಬಿಯಿಂದ ಬಂದ, ಹೊಳಪಿಲ್ಲದ, ಕೈಗೆ ತರಿತರಿಯಾಗಿ ಹತ್ತುವ 27 ಬಿಲ್ಲೆಗಳು ಮನೆಗೆ ಬಂದವು. ತಾಯಿ ಒಂದನ್ನು ಬೆರಳಿನಿಂದ ಬಡಿದು ನೋಡಿ ಕೇಳಿದಳು: “ಏನಪಾ ಇದು?”

“ಹಂಚವ್ವಾ, ನೆಲಕ್ಕ ಹಾಕೂದು.”

“ಹಂಚು ಒಲಿ ಮ್ಯಾಲ ಇರಬೇಕು, ಇಲ್ಲಾ ಮನಿ ಮ್ಯಾಲ ಇರಬೇಕು. ಕಾಲ ಕೆಳಗ ಹಂಚೇನು?”

ರೊಟ್ಟಿ ಬೇಯಿಸುವುದಕ್ಕೂ ಮಾಡು ಹೊದಿಸುವುದಕ್ಕೂ ಒಂದೇ ಮಾತಿರುವ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಲ್ಲ. ಗೃಹಸ್ಥ ನಕ್ಕು ಕೆಲಸಕ್ಕೆ ಕುಳಿತ.

ಕುಳಿತ ಎಂಬುದೇ ಸರಿ. ಈ ಕೆಲಸದಲ್ಲಿ ಮೊದಲು ಪಾಠ ಕಲಿಯುವುದು ಮೊಣಕಾಲು. ಗ್ರಾನೈಟನ್ನು ಉಳಿಯಿಂದ ಎಬ್ಬಿಸಲು ಎರಡು ಭಾನುವಾರಗಳು ಹೋದವು. ಮೂರನೆಯ ಭಾನುವಾರ ಬಿಲ್ಲೆಗಳನ್ನು ನೀರಿನಲ್ಲಿ ನೆನೆಹಾಕಿದ. ಒಣ ಬಿಲ್ಲೆ ಗಾರೆಯ ನೀರನ್ನು ಹೀರಿಬಿಡುತ್ತದೆ, ಗಾರೆ ಹಿಡಿಯುವುದಿಲ್ಲ. ಗುಳ್ಳೆಗಳು ನಿಲ್ಲುವ ತನಕ ನೆನೆಯಬೇಕು. ಇಷ್ಟನ್ನು ಸರಿಯಾಗಿಯೇ ಮಾಡಿದ. ಆಮೇಲೆ ಬಿಲ್ಲೆಯ ನಾಲ್ಕು ಮೂಲೆಗೂ ನಡುವಿಗೂ ಒಂದೊಂದು ಮುದ್ದೆ ಸಿಮೆಂಟಿಟ್ಟು ನೆಲಕ್ಕೊತ್ತಿದ. ರಸಮಟ್ಟವಿಟ್ಟು ನೋಡಿದರೆ ಗುಳ್ಳೆ ನಟ್ಟನಡುವೆ! ಮಗಳು ಸಂದುಗಳಿಗೆ ಪ್ಲಾಸ್ಟಿಕ್ಕಿನ ಕಡ್ಡಿ ಸಿಕ್ಕಿಸಿದಳು. ಹೆಂಡತಿ ಚಹ ತಂದು ಬಾಗಿಲಲ್ಲಿ ನಿಂತು ಮೆಚ್ಚಿದಳು. ನಾಲ್ಕು ದಿನದಲ್ಲಿ ನೆಲ ಕನ್ನಡಿಯಂತೆ ಸಮವಾಯಿತು.

ಪರೀಕ್ಷೆಗೆ ತಾಯಿಯನ್ನು ಕರೆದರು. ಆಕೆ ಒಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲೇ ನಿಂತು ಒಂದು ತಂಬಿಗೆ ನೀರು ಸುರಿದಳು. ನೀರು ನಡುವೆ ನಿಂತು ತುಸು ಯೋಚಿಸಿ, ಬಾಗಿಲ ಕಡೆಗೇ ಮೆಲ್ಲನೆ ತಿರುಗಿತು.

“ನೀರಿಗೆ ದಾರಿ ತೋರಿಸಿಲ್ಲ ನೀನು,” ಎಂದಳು. “ಮಾಳಿಗಿ ಮ್ಯಾಲ ಮಣ್ಣು ಹಾಕುವಾಗ ದೋಣಿ ಕಡೆ ಇಳಿಜಾರು ಬಿಡತಿದ್ವಿ. ಇಲ್ಲಂದ್ರ ಮಳಿ ಮನಿಯಾಗ.”

ಮಟ್ಟಸವಾಗಿರುವುದು ಪಡಸಾಲೆಗೆ ಗುಣ, ಬಚ್ಚಲಿಗೆ ದೋಷ. ಓದುಬರಹ ಬಾರದ ಆಕೆ ಮಣ್ಣಿನ ಮಾಳಿಗೆಯ ಮೇಲೆ ಕಲಿತದ್ದನ್ನು ಗುಮಾಸ್ತನ ರಸಮಟ್ಟ ಹೇಳಿಕೊಡಲಿಲ್ಲ. ಸಿಟ್ಟಿನಿಂದಲೋ ನಾಚಿಕೆಯಿಂದಲೋ ಆತ ಎರಡು ದಿನ ಬಚ್ಚಲಿನತ್ತ ಸುಳಿಯಲಿಲ್ಲ. ಇದ್ದ ಹಾಗೆಯೇ ಬಿಟ್ಟರೇನು? ಬಿಲ್ಲೆಯಂತೂ ಜಾರುವುದಿಲ್ಲ. ಆದರೆ ನಿಂತ ನೀರಿನಲ್ಲಿ ಪಾಚಿ ಕಟ್ಟುತ್ತದೆ. ಪಾಚಿಗೆ ಯಾವ ತರಿಯೂ ತಡೆಯಲ್ಲ. ತಾಯಿಯ ಸೊಟ್ಟಗೆ ಕೂಡಿದ ಮುಂಗೈ ಕಣ್ಣಮುಂದೆ ಬಂದಾಗ ಆತ ಮತ್ತೆ ಉಳಿ ಹಿಡಿದ. ಎಬ್ಬಿಸುವಾಗ 19 ಬಿಲ್ಲೆಗಳು ಒಡೆದವು. ಅಡಿಯಲ್ಲಿ ನೋಡಿದರೆ ಮುದ್ದೆಗಳ ನಡುವೆಲ್ಲ ಬರಿಯ ಪೊಳ್ಳು.

ಈ ಸಲ ಆತುರವಿಲ್ಲ. ಅಡಿಗೆ ಅರ್ಧಪಾವು ಅಂಗುಲದಂತೆ 6 ಅಡಿಗೆ ಮುಕ್ಕಾಲು ಅಂಗುಲ ಇಳಿಜಾರು. ಆರಡಿಯ ನೇರ ಪಟ್ಟಿಯೊಂದರ ತುದಿಯಡಿಗೆ ಮುಕ್ಕಾಲು ಅಂಗುಲದ ಚಕ್ಕೆ ಕಟ್ಟಿ, ಆ ತುದಿಯನ್ನು ಬಚ್ಚಲ ಕಂಡಿಯ ಕಡೆಗಿಟ್ಟ; ಪಟ್ಟಿಯ ಮೇಲಿನ ರಸಮಟ್ಟದಲ್ಲಿ ಗುಳ್ಳೆ ನಡುವೆ ನಿಂತರೆ ಕೆಳಗಿನ ಇಳಿಜಾರು ಸರಿ. ಮೊದಲು ಗಾರೆಯ ಹಾಸನ್ನೇ ಹೀಗೆ ಇಳಿಸಿ, ಬಿಲ್ಲೆ ಕೂಡಿಸುವ ಮುನ್ನವೇ ತಾಯಿಯಿಂದ ನೀರು ಹಾಕಿಸಿದ. ನೀರು ಕಂಡಿ ಹುಡುಕಿಕೊಂಡು ಹೋಯಿತು. ಆಮೇಲೆ ಬಿಲ್ಲೆಯ ಅಡಿಯೆಲ್ಲ ತುಂಬುವಂತೆ ಸಿಮೆಂಟು ಬಳಿದು, ದಿನಕ್ಕೆ ಒಂದೇ ಸಾಲು ಕೂಡಿಸಿದ. ಆರು ಸಾಲಿಗೆ ಆರು ಸಂಜೆ.

ಯುಗಾದಿಗೆ ಬಂದ ಗೌಂಡಿ ಬೇವುಬೆಲ್ಲ ತಿಂದು, ಕರಣೆಯ ಹಿಡಿಯಿಂದ ಒಂದೊಂದು ಬಿಲ್ಲೆಯನ್ನೂ ಬಡಿದು ಕಿವಿಗೊಟ್ಟ. ಬಾಗಿಲ ಬಳಿ ನಿಂತು, “ಇದೊಂದು ಮಾತಾಡತೈತ್ರಿ, ಉಳಿದಾವು ಸುಮ್ಮನಾವ,” ಎಂದ. ಪೊಳ್ಳಿದ್ದದ್ದೇ ಮಾತಾಡುವುದು, ಇದು ಮನುಷ್ಯರಿಗೂ ಸಲ್ಲುವ ಮಾತು. ಅದನ್ನು ಎಬ್ಬಿಸಿ ಅರ್ಧ ಗಂಟೆಯಲ್ಲಿ ಮತ್ತೆ ಕೂಡಿಸಿಕೊಟ್ಟ. ತನ್ನ ಕೈಯಿಂದ ನೆಲ ಕಂಡ ಮನೆಗಳಿಗೆ ಲೆಕ್ಕವಿಲ್ಲವೆಂದೂ, ತನ್ನ ಮನೆಯ ಬಚ್ಚಲಿಗೆ ಇನ್ನೂ ಹಾಸುಗಲ್ಲೇ ಎಂದೂ ನಗುತ್ತ ಹೇಳಿದ. ಕೂಲಿ ಬೇಡವೆಂದವನ ಜೇಬಿನಲ್ಲಿ ಗೃಹಸ್ಥ ಪೂರ್ತಿ ದಿನದ ಕೂಲಿಯನ್ನಿಟ್ಟ. ಮೂರು ತಿಂಗಳ ಹಿಂದೆ ಆಗಿದ್ದರೆ ಅರ್ಧ ಗಂಟೆಗೆ ಇಷ್ಟೇಕೆ ಎಂದು ಚೌಕಾಶಿ ಮಾಡುತ್ತಿದ್ದನೇನೋ. ಆ ಅರ್ಧ ಗಂಟೆಯ ಹಿಂದೆ ಎಷ್ಟು ಮೊಣಕಾಲುಗಳ ನೋವಿದೆ ಎಂಬುದು ಈಗ ಆತನ ಮೊಣಕಾಲಿಗೆ ಗೊತ್ತು.

ಮೂರು ದಿನ ಕಳೆದು ಗಾರೆ ಗಟ್ಟಿಯಾಯಿತು. ನಾಲ್ಕನೆಯ ಬೆಳಗ್ಗೆ ಮಗ ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದ. ಕಣ್ಣು ಮಾತ್ರ ಬಚ್ಚಲ ಬಾಗಿಲ ಮೇಲೆ. ತಾಯಿ ಬಂದಳು. ಹೊಸ್ತಿಲಲ್ಲಿ ಒಂದು ಕ್ಷಣ ನಿಂತು, ಬಲಗಾಲಿನ ಹೆಬ್ಬೆರಳಿನಿಂದ ಬಿಲ್ಲೆಯನ್ನು ಒತ್ತಿ ನೋಡಿದಳು. ಆಮೇಲೆ, ಗೋಡೆಗೆ ಕೈಯಿಡದೆ, ಒಳಗೆ ನಡೆದಳು.

ಮರುದಿನವೂ ಒಳಗಿನಿಂದ ತಂಬಿಗೆಯ ಸದ್ದು ಕೇಳಿಸಿತು.