ಥಾರ್ ರೈಲಿನಲ್ಲಿ ಬಂದ ಸೊಸೆ

ಬಾರ್ಮೇರ್, ರಾಜಸ್ಥಾನ
ಜುಲೈ

ಪ್ರೀತಿಯ ಅಕ್ಕಾ,

ಇಲ್ಲಿನ ಬಿಸಿಲು, ಧೂಳು ಹೇಳತೀರದು. ಆದರೆ ಹೊತ್ತುಹೊತ್ತಿಗೆ ಸಜ್ಜೆ ರೊಟ್ಟಿ ಸಿಗುವುದರಿಂದ ಊಟದ ಚಿಂತೆಯಿಲ್ಲ.

ನಾನು ಉಳಿದುಕೊಂಡಿರುವುದು ಸಹೋದ್ಯೋಗಿಯೊಬ್ಬಳ ಮನೆಯಲ್ಲಿ. ರಜಪೂತರು. ಅವಳ ಅತ್ತಿಗೆ ಹುಟ್ಟಿ ಬೆಳೆದದ್ದು ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಉಮರ್‌ಕೋಟ್‌ನಲ್ಲಿ. ಲವ್ ಮ್ಯಾರೇಜಾ ಅಂತ ನೀನು ಕೇಳೇ ಕೇಳುತ್ತೀ. ಅಲ್ಲ ಮಾರಾಯ್ತಿ, ಹಿರಿಯರೇ ನೋಡಿ ಮಾಡಿದ ಸಂಬಂಧ. ಅಲ್ಲಿನ ರಜಪೂತರಲ್ಲಿ ಸೋಢಾ ಕುಲದವರೇ ಹೆಚ್ಚು. ನಮ್ಮಲ್ಲಿ ಸಗೋತ್ರ ಆಗದ ಹಾಗೆ ಅವರಲ್ಲೂ ಒಂದೇ ಕುಲದೊಳಗೆ ಹೆಣ್ಣು ಕೊಟ್ಟು ತರುವಂತಿಲ್ಲ. ಹಾಗಾಗಿ ತಲೆಮಾರುಗಳಿಂದ ಬೀಗರೆಂದರೆ ಈ ಕಡೆಯವರೇ. 1947ರಲ್ಲಿ ನಡುವೆ ಗಡಿ ಬಂತು, ಬೀಗತನ ಹಾಗೇ ಉಳಿಯಿತು.

1965ರ ಯುದ್ಧದಲ್ಲಿ ಮುಚ್ಚಿದ, ಗಡಿ ದಾಟುವ ಮುನಾಬಾವ್–ಖೋಖರಾಪಾರ್ ರೈಲುದಾರಿ 2006ರಲ್ಲಿ ಮತ್ತೆ ತೆರೆಯಿತು. ಆ ದಾರಿಯಲ್ಲಿ ವಾರಕ್ಕೊಮ್ಮೆ ಓಡುತ್ತಿದ್ದ ಥಾರ್ ಎಕ್ಸ್‌ಪ್ರೆಸ್‌ನಲ್ಲೇ ಅತ್ತಿಗೆ ಸೊಸೆಯಾಗಿ ಬಂದದ್ದು. 2019ರ ಆಗಸ್ಟ್‌ನಲ್ಲಿ ಅದು ನಿಂತಿತು. ಆಮೇಲೆ ಪಕ್ಕದೂರಿನಂತಿದ್ದ ಸಿಂಧ್‌ಗೆ ಪಂಜಾಬಿನ ಅಟ್ಟಾರಿ ಗಡಿ ಸುತ್ತಿಕೊಂಡು ಹೋಗಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್‌ನಲ್ಲಿ ಉಗ್ರರ ದಾಳಿಯಾದ ಮೇಲೆ ಅದೂ ಬಂದ್. ಆ ವಾರವೇ ಈ ಜಿಲ್ಲೆಯ ಮದುಮಗನೊಬ್ಬ ದಿಬ್ಬಣ ಕಟ್ಟಿಕೊಂಡು ಅಟ್ಟಾರಿಯವರೆಗೆ ಹೋಗಿ, ಬರಿಗೈಲಿ ವಾಪಸಾದ.

ನಿನ್ನೆ ಮಧ್ಯಾಹ್ನ ಅತ್ತಿಗೆ ತಮ್ಮ ಟ್ರಂಕು ತೆರೆದರು. ಮೇಲೆ ಅವರ ತಾಯಿ ಹೊಲಿದುಕೊಟ್ಟ ‘ರಲ್ಲಿ’, ಥೇಟ್ ನಮ್ಮಜ್ಜಿಯ ಕೌದಿ. ಅದರ ಕೆಳಗೆ ದಾರ ಸುತ್ತಿದ ದಪ್ಪ ಫೈಲು: ದೀರ್ಘಾವಧಿ ವೀಸಾ, ಅದರ ನವೀಕರಣಗಳು, ವಿದೇಶಿಯರ ನೋಂದಣಿ ಕಚೇರಿಯ ಕಾಗದಗಳು, ಮೂಲೆ ಹರಿದ ಮದುವೆ ಫೋಟೊ. ಭಾರತೀಯನ ಕೈಹಿಡಿದರೂ ಪೌರತ್ವಕ್ಕೆ ಅರ್ಜಿ ಹಾಕಲು 7 ವರ್ಷ ಇಲ್ಲಿ ವಾಸವಿರಬೇಕು. ಮಕ್ಕಳು ಹುಟ್ಟಾ ಭಾರತೀಯರು, ತಾಯಿ ಮಾತ್ರ ವಿದೇಶಿ! ಪೌರತ್ವ ಸಿಕ್ಕಿತೆಂದರೆ ಹಳೆಯ ಪಾಸ್‌ಪೋರ್ಟ್ ಬಿಟ್ಟುಕೊಡಬೇಕು. ಅಲ್ಲಿಂದಾಚೆ ಹುಟ್ಟಿದ ಮನೆಗೆ ಹೋಗಲು ಪಾಕಿಸ್ತಾನದ ವೀಸಾ ಕೇಳಬೇಕು.

“ಆಗ ಹೋದರೆ ವಾಪಸ್ ಬರೋಕೆ ಬಿಡ್ತಾರೋ ಇಲ್ಲವೋ ಅಂತ ಹೋಗಲಿಲ್ಲ. ಈಗ ಹೋಗೋಕೇ ದಾರಿಯಿಲ್ಲ” ಅಂದರು ಅತ್ತಿಗೆ. ತಾಯಿ ತೀರಿಕೊಂಡ ಸುದ್ದಿ ಫೋನಿನಲ್ಲೇ ಬಂತಂತೆ. ಅಷ್ಟು ಹೇಳಿ, ಚಹಾ ಆರುತ್ತೆ ಕುಡಿ ಎಂದರು. ನಾನು ಮತ್ತೆ ಕೆದಕಲಿಲ್ಲ.

ಗಡಿಯಲ್ಲಿ ಕಾವಲು ಬೇಕು, ತಪಾಸಣೆಯೂ ಬೇಕು. ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಮದುವೆಯಾಗಿ ಬಂದ ಹೆಣ್ಣುಮಗಳು ಹೆತ್ತವರ ಸಾವಿಗೂ ಹೋಗಲಾಗದ ಹಾಗೆ ಎರಡೂ ಸರ್ಕಾರಗಳು ಬಾಗಿಲು ಹಾಕಿಕೊಂಡಿರುವುದು ಅನ್ಯಾಯವೇ. ಶತ್ರುವನ್ನು ತಡೆಯಲು ಹಾಕಿದ ಅಗುಳಿ ಮೊದಲು ತಾಗಿದ್ದು ಇಂಥ ಸೊಸೆಯಂದಿರಿಗೆ.

ನೀನೋ, ಈ ಸಲ ಪಂಚಮಿಗೆ ತವರಿಗೆ ಬರೋಕಾಗಲ್ಲ, ಬಸ್ಸು ರಶ್ಶು ಅಂತ ಫೋನಿನಲ್ಲಿ ಗೊಣಗುತ್ತಿದ್ದೆಯಲ್ಲ. ನೆಪ ಹೇಳಬೇಡ. ನಾನೂ ಅಷ್ಟರಲ್ಲಿ ಊರು ಸೇರಿರುತ್ತೇನೆ. ಮಕ್ಕಳನ್ನು ಕರೆದುಕೊಂಡು ಅಮ್ಮನ ಹತ್ತಿರ ಬಂದುಬಿಡು.

ಇಂತಿ,
ನಿನ್ನ ತಂಗಿ